ಮುಚ್ಚೊಪ್ಪಕ್ಕೆ ಎರಡನೆಯ ಸಾಕ್ಷಿ

ಆ ಚೀಟಿಯನ್ನು ಬರೆದವಳು ನಾನೇ. ಅಕ್ಷರ ದುಂಡಗಿತ್ತು, ದಿನಾಂಕ ಸರಿಯಾಗಿತ್ತು, ಮಾತು ಯಾರದೆಂಬ ವಿವರವೂ ಇತ್ತು. ಬರೆದ ಮೇಲೆ ಹನ್ನೊಂದು ದಿನ ಹೆಮ್ಮೆಯಿಂದ ಓಡಾಡಿದೆ. ಇನ್ನೊಂದೇ ಒಂದು ದಿನ ಹೆಚ್ಚು ಹೆಮ್ಮೆಪಟ್ಟಿದ್ದರೆ ಏನಾಗುತ್ತಿತ್ತೆಂದು ನೆನೆಯಲು ಈಗಲೂ ಧೈರ್ಯವಿಲ್ಲ.

ನಮ್ಮದು ಇಂಗ್ಲಿಷ್‌–ಕನ್ನಡ ನಿಘಂಟಿನ ಕಚೇರಿ. ಕಾಗದದ ಅಂಗಡಿಯ ಮಹಡಿಯ ಮೇಲೆ ನಾಲ್ಕು ಕೋಣೆ, ಗೋಡೆಯುದ್ದಕ್ಕೂ ಮರದ ಸೆಳೆಖಾನೆಗಳು, ಅವುಗಳ ತುಂಬ ಅಂಗೈಯಗಲದ ಚೀಟಿಗಳು. ನನ್ನ ಪಾಲಿಗೆ ಬಂದದ್ದು ‘ಪಾಲಿಶ್’ ಎಂಬ ಕ್ರಿಯಾಪದ. ಎಲ್ಲರ ಬಾಯಲ್ಲೂ ಓಡಾಡುವ ಪದ. ಅರ್ಧ ದಿನದಲ್ಲಿ ಮುಗಿಸಿ ಸಂಪಾದಕರ ಮೇಜಿಗಿಟ್ಟೆ. ನಾವು ಅವರನ್ನು ಹಿರಿಯರು ಎಂದೇ ಕರೆಯುತ್ತಿದ್ದೆವು. ಅವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು.

“‘ಹೊಳಪು ಕೊಡು, ಮೆರುಗು ಕೊಡು.’ ಇಷ್ಟೇನಾ? ಬೂಟು ತಿಕ್ಕೋದೂ ಇದೇ, ದೀಪ ಬೆಳಗೋದೂ ಇದೇ, ಬರೆದದ್ದನ್ನ ತಿದ್ದಿ ತೀಡೋದೂ ಇದೇ, ಒರಟನಿಗೆ ನಾಲ್ಕು ನಯದ ಮಾತು ಕಲಿಸೋದೂ ಇದೇನಾ?”

“ಹಳೇ ನಿಘಂಟುಗಳಲ್ಲಿ ಹೀಗೇ ಇದೆ, ಸರ್.”

“ಹಳೇ ನಿಘಂಟು ನೋಡಿ ಹೊಸ ನಿಘಂಟು ಬರೆಯೋಕೆ ನೀನು ಯಾಕಮ್ಮಾ, ಇಲಿ ಸಾಕು. ಕೈ ಕಪ್ಪು ಮಾಡ್ಕೊಳ್ಳೋರ ಬಾಯಿಂದ ಪದ ತಗೊಂಡು ಬಾ.”

ಪದ ತರುವುದಕ್ಕೆ ನಮ್ಮಲ್ಲಿ ಎರಡು ನಿಯಮಗಳಿದ್ದವು. ಪದದ ಜೊತೆಗೆ ಒಂದು ಜೀವಂತ ವಾಕ್ಯ ಬೇಕು. ಯಾರೋ ನಿಜವಾಗಿ, ತಮ್ಮ ಕೆಲಸದ ನಡುವೆ, ನಮಗಾಗಿ ಅಲ್ಲದೆ ಆಡಿದ ಮಾತು. ಅದನ್ನು ಒಂದಕ್ಷರವೂ ತಿದ್ದದೆ ಬರೆದುಕೊಳ್ಳಬೇಕು. ಎರಡನೆಯದು, ಒಬ್ಬರ ಬಾಯಲ್ಲಿ ಕೇಳಿದ ಮಾತ್ರಕ್ಕೆ ಪದ ನಿಘಂಟಿಗೆ ಸೇರುವುದಿಲ್ಲ. ಮೊದಲನೆಯವರಿಗೆ ಸಂಬಂಧವೇ ಇಲ್ಲದ ಎರಡನೆಯ ಸಾಕ್ಷಿ ಬೇಕು. ಬೇರೆ ಬೇರೆ ಊರುಗಳಲ್ಲಿ ನಮಗಾಗಿ ಪದ ಹೆಕ್ಕುವ ಹವ್ಯಾಸಿಗಳಿದ್ದರು. ಎರಡನೆಯ ಸಾಕ್ಷಿಗಾಗಿ ಅವರಿಗೆ ಕಾಗದ ಬರೆಯುತ್ತಿದ್ದೆವು.

ಕೈ ಕಪ್ಪಾದವರು ನಮ್ಮ ಮನೆಯಲ್ಲೇ ಇದ್ದರು. ಅಕ್ಕನ ಗಂಡ, ನನ್ನ ಭಾವ, ತೂಗುಬಂಡಿಯ ಕಾರ್ಯಾಗಾರದಲ್ಲಿ ಒಪ್ಪದ ಕೋಣೆಯ, ಎಂದರೆ ಲೋಹಕ್ಕೆ ಹೊಳಪು ಕೊಡುವ ಕೋಣೆಯ, ಮೇಸ್ತ್ರಿ.

ನಮ್ಮ ಊರನ್ನು ನದಿ ಎರಡಾಗಿ ಸೀಳಿದೆ. ಸೇತುವೆಗೆ ಹೋದರೆ ಒಂದು ಗಂಟೆಯ ಸುತ್ತು. ತೂಗುಬಂಡಿಯ ತಂತಿಯ ಮೇಲೆ ಏಳು ನಿಮಿಷ. ಹನ್ನೆರಡು ಪೆಟ್ಟಿಗೆಗಳು ತಂತಿಗೆ ಜೋತುಬಿದ್ದು ಆಚೆಗೂ ಈಚೆಗೂ ಓಡಾಡುತ್ತವೆ. ಜನ ಅವನ್ನು ತೊಟ್ಟಿಲು ಎನ್ನುತ್ತಾರೆ. ಒಂದೊಂದು ತೊಟ್ಟಿಲೂ ಒಂದೊಂದು ಉಕ್ಕಿನ ಗೂಟಕ್ಕೆ ತೂಗಿಕೊಂಡಿರುತ್ತದೆ. ಮಣಿಕಟ್ಟಿನಷ್ಟು ದಪ್ಪದ ಗೂಟ. ವರ್ಷಕ್ಕೊಮ್ಮೆ ಬಂಡಿಯನ್ನು ಮೂರು ವಾರ ನಿಲ್ಲಿಸಿ, ಹನ್ನೆರಡು ಗೂಟಗಳನ್ನೂ ಕಳಚಿ, ತುಕ್ಕು ತೆಗೆದು, ಒಪ್ಪವಿಟ್ಟು, ಪರೀಕ್ಷೆ ಮಾಡಿಸಿ ಮತ್ತೆ ಕೂಡಿಸುತ್ತಾರೆ. ನಾನು ಹೋದದ್ದು ಆ ದಿನಗಳಲ್ಲೇ.

“ಬಾಮ್ಮಾ ಚೀಟಿ!” ಎಂದರು ಭಾವ. ಹತ್ತು ವರ್ಷಗಳಿಂದ ನನ್ನನ್ನು ಕರೆಯುವುದೇ ಹಾಗೆ. “ಇಲ್ಲಿ ಪದ ಸಿಗಲ್ಲ, ಧೂಳು ಸಿಗುತ್ತೆ. ಸೆರಗು ಕಟ್ಕೋ.”

ಕೋಣೆಯಲ್ಲಿ ನಾಲ್ಕು ಸಾಣೆ ಚಕ್ರಗಳು ತಿರುಗುತ್ತಿದ್ದವು. ಕಿಟಕಿಯ ಬಳಿಯ ಚಕ್ರದಲ್ಲಿ ಇದ್ದವನು ಕೋಣೆಗೆಲ್ಲ ಹಿರಿಯ. ಎಲ್ಲರಿಗೂ ಸಾಣೆಯಜ್ಜ, ಭಾವನಿಗೆ ಕೆಲಸ ಕಲಿಸಿದ ಗುರು. ಮೂಗಿನ ಮೇಲೆ ಹೊಳಪಿನ ಕರಿಯ ಮುಲಾಮು ಮೆತ್ತಿಕೊಂಡೇ ಅಜ್ಜ ನನಗೆ ಪಾಠ ಮಾಡಿದ. ಒರಟು ಕಲ್ಲಿನಲ್ಲಿ ತುಕ್ಕು ತೆಗೆದರೆ ತಿಕ್ಕು. ಸಣ್ಣ ಮರಳುಕಾಗದದಲ್ಲಾದರೆ ಉಜ್ಜು. ಒಂದೇ ದಿಕ್ಕಿಗೆ ಕೈ ಹೋದರೆ ತೀಡು. ಬಟ್ಟೆಯ ಚಕ್ರಕ್ಕೆ ಮುಲಾಮು ಹಚ್ಚಿ ಹಿಡಿದರೆ ಜಿಲಾಯಿ. ಕೊನೆಗೆ ಬರಿಯ ಬಟ್ಟೆಯಲ್ಲಿ, ಉಸಿರು ಬಿಗಿಹಿಡಿದು ಮಾಡುವುದು ಒಪ್ಪ.

“ಬೆಳಗು ಅನ್ನೋದಿಲ್ವಾ ಅಜ್ಜಾ?”

“ಅದು ಪಾತ್ರೆಗೆ. ಗೂಟ ಬೆಳಗ್ತೀನಿ ಅಂದ್ರೆ ಈ ಕೋಣೆಯಲ್ಲಿ ನಗ್ತಾರೆ. ನೋಡು ಮಗಾ, ಇವೆಲ್ಲಾ ಬೇರೆ ಬೇರೆ ಅಂದ್ರೂ ಕೆಲಸ ಒಂದೇ. ಮೇಲಿಂದ ಇಷ್ಟಿಷ್ಟೇ ತೆಗೀತಾ ಹೋಗೋದು. ತೆಗೆದಷ್ಟೂ ಒಳಗಿನದು ಕಾಣುತ್ತೆ.”

ನನ್ನ ಪೆನ್ಸಿಲು ಕುಣಿಯುತ್ತಿತ್ತು. ಆಗಲೇ ಮೂಲೆಯಲ್ಲಿದ್ದ ಫೋನು ಬಡಿದುಕೊಂಡಿತು. ಭಾವ ಎತ್ತಿ, ನನಗೆ ಬೆನ್ನು ಹಾಕಿ ಮಾತಾಡಿದರು. ಚಕ್ರಗಳ ಸದ್ದಿನ ನಡುವೆ ಕೂಗಲೇಬೇಕಲ್ಲ. ಅವರು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಆರನೇದರ ಗೂಟಕ್ಕೆ ಮುಚ್ಚೊಪ್ಪ ಕೊಟ್ಟಾಗಿದೆ ಸಾರ್. ಇನ್ನು ಯಾರ ಕಣ್ಣಿಗೂ ಬೀಳಲ್ಲ.”

ಮುಚ್ಚೊಪ್ಪ! ಯಾವ ನಿಘಂಟಿನಲ್ಲೂ ಇಲ್ಲದ ಪದ. ಅಜ್ಜನ ಕೈಯ ಗೂಟ ಒಂದು ಕ್ಷಣ ಚಕ್ರದಿಂದ ಮೇಲೆದ್ದು ಚಕ್ರ ಬರಿಗಾಳಿಯಲ್ಲಿ ತಿರುಗಿತು, ಅದನ್ನೂ ಕಂಡೆ. ಕಂಡರೂ ಬರೆಯುವುದರಲ್ಲಿ ಮುಳುಗಿದ್ದೆ.

“ಮುಚ್ಚೊಪ್ಪ ಅಂದ್ರೇನು ಭಾವ?”

ಅವರು ಬೆಚ್ಚಿ ತಿರುಗಿದರು. ಆಮೇಲೆ ನಕ್ಕರು. “ಕೊನೇ ಒಪ್ಪ ಕಣಮ್ಮಾ. ಅಷ್ಟೇ. ಮುಕ್ತಾಯ ಅನ್ನು.”

ಅಷ್ಟನ್ನೂ ಬರೆದುಕೊಂಡೆ: ಪದ, ಅರ್ಥ, ವಾಕ್ಯ, ದಿನಾಂಕ, ‘ಒಪ್ಪದ ಕೋಣೆಯ ಮೇಸ್ತ್ರಿ, ಫೋನಿನಲ್ಲಿ’. ಅದೇ ಸಂಜೆ ಆರು ಮಂದಿ ಹವ್ಯಾಸಿಗಳಿಗೆ ಎರಡನೆಯ ಸಾಕ್ಷಿ ಕೋರಿ ಕಾಗದ ಹಾಕಿದೆ.

ಹನ್ನೊಂದನೆಯ ದಿನ ಹಿರಿಯರು ನನ್ನ ಚೀಟಿಗಳನ್ನು ಮೇಜಿನ ಮೇಲೆ ಇಸ್ಪೀಟಿನಂತೆ ಹರಡಿಕೊಂಡು ಕುಳಿತರು. ತಿಕ್ಕು, ಉಜ್ಜು, ತೀಡು ಒಂದು ಸಾಲಿಗೆ. ನಯಗೊಳಿಸು, ತಿದ್ದು, ಹದಗೊಳಿಸು ಇನ್ನೊಂದಕ್ಕೆ. ‘ಪಾಲಿಶ್ ಆಫ್’ಗೆ ಬರೆದ ತಟ್ಟೆಯನ್ನು ಖಾಲಿ ಮಾಡು, ಮುಗಿಸಿಬಿಡು ಎಂಬವು ಮೂರನೆಯದಕ್ಕೆ. ಮುಚ್ಚೊಪ್ಪದ ಚೀಟಿ ಅವರ ಬೆರಳುಗಳ ನಡುವೆಯೇ ಉಳಿಯಿತು.

“ಇದನ್ನ ಎಲ್ಲಿಡೋದಮ್ಮಾ?”

“ಒಪ್ಪದ ಪಕ್ಕಕ್ಕೆ ಸರ್. ಕೊನೆಯ ಒಪ್ಪ ಅಂತ ಅರ್ಥ.”

“ನಿಮ್ಮ ಸಾಣೆಯಜ್ಜ ಏನು ಹೇಳಿದಾನೆ? ತೆಗೆಯೋದು, ತೆಗೆದಷ್ಟೂ ಕಾಣುತ್ತೆ ಅಂತ. ಇಲ್ಲಿ ನೋಡಿದರೆ ಮುಚ್ಚೋದು, ಕಣ್ಣಿಗೆ ಬೀಳದೆ ಇರೋದು.” ಅವರು ನನ್ನ ವಾಕ್ಯವನ್ನು ಎರಡು ಸಲ ಓದಿದರು. ಮೂರನೆಯ ಸಲ ದನಿ ತಗ್ಗಿತ್ತು. “ಯಾರ ಕಣ್ಣಿಗೂ ಬೀಳಲ್ಲ. ಏನು ಬೀಳಲ್ಲ?”

ಚೀಟಿಯನ್ನು ಈಸಿಕೊಂಡು ನಾನೂ ಮತ್ತೊಮ್ಮೆ ಓದಿದೆ.

“ನೀನು ಪದ ಕೇಳಿಸ್ಕೊಂಡೆ,” ಎಂದರು ಹಿರಿಯರು. “ಮಾತು ಕೇಳಿಸ್ಕೊಳ್ಳಲಿಲ್ಲ.”

ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ. ತೂಗುಬಂಡಿ ಮತ್ತೆ ಶುರುವಾಗುವುದು ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ.

ಸಾಣೆಯಜ್ಜನ ಮನೆ ಗಾಜಿನಂಗಡಿಯ ಹಿಂದಿನ ಓಣಿಯಲ್ಲಿ. ಒಂದೇ ಕೋಣೆ, ಬಾಗಿಲ ಚಿಲಕ, ಮಂಚದ ಕಾಲು, ಎಲ್ಲವೂ ಮುಖ ಕಾಣುವಷ್ಟು ಹೊಳೆಯುತ್ತಿದ್ದವು. ಅಜ್ಜ ಊದಿದ ಮಂಡಿಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ. ಭಾವ ಹತ್ತು ದಿನದ ಹಿಂದೆಯೇ ರಜೆ ಕೊಟ್ಟು ಕಳಿಸಿದ್ದರಂತೆ. ತಾನಾಗಿ ಕೇಳಿದ ರಜೆಯಲ್ಲ.

“ಬರ್ತೀಯ ಅಂತ ಗೊತ್ತಿತ್ತು,” ಎಂದ. “ಇಷ್ಟು ತಡವಾಗಿ ಬರ್ತೀಯ ಅಂತ ಗೊತ್ತಿರಲಿಲ್ಲ.”

ನಾನು ಕೇಳುವ ಮೊದಲೇ ಹಳೆಯದೊಂದು ಡಬ್ಬಿಯ ಮುಚ್ಚಳ ತೆಗೆದುಕೊಂಡು ಮೊಳೆಯಿಂದ ಗೆರೆ ಗೀರಿದ. ಉಗುರಿಗೆ ಸಿಗುವಷ್ಟು ಆಳದ ಗೆರೆ. ನುಣುಪಾದ ಉಕ್ಕಿನ ಗುಂಡನ್ನು ಅದರ ಮೇಲೊತ್ತಿ, ಮೈಭಾರವನ್ನೆಲ್ಲ ಹಾಕಿ ತೀಡತೊಡಗಿದ. ಮುಚ್ಚಳ ಬಿಸಿಯಾಯಿತು. ಗೆರೆಯ ಎರಡು ದಡಗಳೂ ಬೆಣ್ಣೆಯಂತೆ ಹರಡಿ ಒಂದಾದವು. ಬಟ್ಟೆಯಲ್ಲಿ ಒರೆಸಿ ಕೈಗೆ ಕೊಟ್ಟ. ಗೆರೆ ಇಲ್ಲ; ನನ್ನ ಮುಖ ಕಾಣಿಸಿತು.

“ಇದು ಮುಚ್ಚೊಪ್ಪ. ಬಾಗಿಲ ಹಿಡಿಕೆಗೆ, ಕನ್ನಡಿಯ ಕಟ್ಟಿಗೆ ಮಾಡಬಹುದು. ಅಲ್ಲಿ ಚಂದ ಮಾತ್ರ ಮುಖ್ಯ. ಭಾರ ಹೊರೋ ಲೋಹಕ್ಕೆ ಮಾಡಿದ್ರೆ ತಿಪ್ಪೆ ಸಾರಿಸಿದ ಹಾಗೆ. ಮೇಲೆ ನುಣುಪು, ಒಳಗೆ ಬಿರುಕು ಹಾಗೇ ಬೆಳೀತಾ ಇರುತ್ತೆ.”

“ಪರೀಕ್ಷೆ ಮಾಡ್ತಾರಲ್ಲ ಅಜ್ಜಾ?”

“ಕೆಂಪು ನೀರು ಹಚ್ತಾರೆ. ಬಿರುಕಿದ್ರೆ ಕೆಂಪು ಒಳಗಿಳಿಯುತ್ತೆ, ಒರೆಸಿ ಬಿಳಿ ಪುಡಿ ಹಾಕಿದ್ರೆ ಗೆರೆ ಎದ್ದು ಕಾಣುತ್ತೆ. ಬಾಯೇ ಮುಚ್ಚಿದ್ರೆ ಕೆಂಪು ಎಲ್ಲಿಂದ ಇಳಿಯುತ್ತೆ?” ಹಲಗೆಯ ಮೇಲಿನ ಸಣ್ಣ ಸೀಸೆಯಿಂದ ಎರಡು ಹನಿಗಳನ್ನು ಮುಚ್ಚಳಕ್ಕೆ ಬಿಟ್ಟ. ನೊರೆ ಎದ್ದಿತು. ಒರೆಸಿದಾಗ ಗೆರೆ ತಣ್ಣಗೆ ಮಲಗಿತ್ತು, ಎಲ್ಲಿಗೂ ಹೋಗಿರಲಿಲ್ಲ. “ಹುಳಿ, ಆಸಿಡ್ಡು. ಹುಳಿ ಹಚ್ಚಿದ್ರೆ ಸುಳ್ಳು ಬಿಡುತ್ತೆ. ಆದರೆ ಹಚ್ಚಲ್ಲ. ಒಪ್ಪ ಕೆಡುತ್ತಲ್ಲ!”

ಆರನೆಯ ಗೂಟದ ಭುಜದಲ್ಲಿ, ಅದರ ತಲೆಯ ಕೆಳಗೆ, ಬಿರುಕು ಕಂಡದ್ದು ಅಜ್ಜನಿಗೇ. ಹೊಸ ಗೂಟ ಬರಲು ಮೂರು ತಿಂಗಳು. ಮೇಲಿನವರು ಬಂಡಿ ಬಿಡುವ ದಿನ ಗೊತ್ತುಮಾಡಿಯಾಗಿತ್ತು. ನಾನು ಮುಟ್ಟೋದಿಲ್ಲ ಎಂದು ಅಜ್ಜ ಎದ್ದಿದ್ದ. ಆಗ ಭಾವನೇ ಕುಳಿತು ತೀಡಿದ್ದರು.

“ಯಾರಿಗಾದ್ರೂ ಹೇಳಬಹುದಿತ್ತಲ್ಲ!”

ಅಜ್ಜ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. “ಆ ಕೈಗೆ ಅದನ್ನ ಕಲಿಸಿದ್ದು ಈ ಕೈ. ಏನಂತ ಹೇಳಲಿ?” ಸೀಸೆಗೆ ಬಿರಡೆ ಹಾಕುತ್ತ, “ನಾಳೆ ನನ್ನ ಹೆಸರು ಆರನೇದಕ್ಕೇ ಬರೆದಿದಾನೆ. ನನ್ನ ಮಂಡಿ ಗೊತ್ತಲ್ಲ ಅವನಿಗೆ. ಹತ್ತೋಲ್ಲ ಅಂತ ಗೊತ್ತು,” ಎಂದ.

ಆ ಮಾತು ಅರ್ಥವಾಗಬೇಕಾದರೆ ಒಪ್ಪದ ಕೋಣೆಯ ಕಟ್ಟಳೆ ತಿಳಿದಿರಬೇಕು. ಬಂಡಿ ಮತ್ತೆ ಶುರುವಾದ ದಿನ, ಉಜ್ಜಿದವರೇ ಮೊದಲು ಹತ್ತಬೇಕು. ಅವರೂ ಅವರ ಮನೆಯವರೂ ಹನ್ನೆರಡು ತೊಟ್ಟಿಲುಗಳಲ್ಲಿ ಕುಳಿತು ಆಚೆ ದಡ ಮುಟ್ಟಿ ಬಂದ ಮೇಲೆಯೇ ಊರಿಗೆ ಬಾಗಿಲು ತೆರೆಯುವುದು. ಯಾರಿಗೆ ಯಾವ ತೊಟ್ಟಿಲೆಂದು ಬರೆಯುವವನು ಮೇಸ್ತ್ರಿ. ಅಂದರೆ ಆರನೆಯದು ಖಾಲಿ ಹೋಗಿ ಖಾಲಿ ಬರುತ್ತದೆ. ಆಮೇಲೆ ಹತ್ತುವವರು ಯಾರ ಮನೆಯವರೋ.

ಅಜ್ಜ ಸೀಸೆಯನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದ. ತಪಾಸಣೆಯ ಅಧಿಕಾರಿಗೆ ಫೋನು ಮಾಡಿದೆ. ಸಹಿ ಆಗಿದೆ, ಏನಿದ್ದರೂ ನಾಳೆ ನಿಲ್ದಾಣಕ್ಕೆ ಬನ್ನಿ ಎಂದಿತು ಒಂದು ಹೆಣ್ಣುದನಿ. ಅಕ್ಕನಿಗೆ ಫೋನು ಮಾಡಲು ಮೂರು ಸಲ ಕೈಯೆತ್ತಿದೆ. ಮೂರು ಸಲವೂ ಇಳಿಸಿದೆ.

ಬೆಳಿಗ್ಗೆ ನಿಲ್ದಾಣ ಹೊಳೆಯುತ್ತಿತ್ತು. ಹನ್ನೆರಡು ತೊಟ್ಟಿಲುಗಳು ಸಾಲಾಗಿ ನಿಂತಿದ್ದವು; ಮೇಲೆ ಹನ್ನೆರಡು ಗೂಟಗಳು ಬಿಸಿಲಿಗೆ ಥಳಥಳಿಸುತ್ತಿದ್ದವು. ಯಾವುದು ಆರನೆಯದೆಂದು ಸಂಖ್ಯೆ ನೋಡಿಯೇ ತಿಳಿಯಬೇಕಿತ್ತು. ಕಂಬಿಯಾಚೆ ಊರ ಜನ ಸಾಲುಗಟ್ಟಿದ್ದರು: ಬುತ್ತಿ ಹಿಡಿದವರು, ಮಗುವನ್ನು ಹೆಗಲಿಗೆ ಹಾಕಿಕೊಂಡವರು, ಊರುಗೋಲಿನ ಮುದುಕಿ.

ತಪಾಸಣೆಯ ಮೇಡಂ ಎತ್ತರದ ಹೆಂಗಸು. ನನ್ನ ಚೀಟಿಯನ್ನು ಪೂರ್ತಿ ಓದಿ ಭಾವನ ಕೈಗೆ ಕೊಟ್ಟರು. ಭಾವ ನಕ್ಕರು, ನಗು ನಯವಾಗಿಯೇ ಇತ್ತು.

“ಇವಳು ನಮ್ಮ ನಾದಿನಿ ಮೇಡಂ. ಪದದ ಹುಚ್ಚು. ಮುಚ್ಚೊಪ್ಪ ಅಂದ್ರೆ ಕೊನೇ ಒಪ್ಪ. ಸಣ್ಣ ಗೀರು ಇತ್ತು, ಕಾಣದ ಹಾಗೆ ಮಾಡಿದ್ವಿ. ಗೀರಿಗೆಲ್ಲಾ ಗೂಟ ಬದಲಿಸೋಕಾಗುತ್ತಾ?”

“ಹುಳಿ ಹಚ್ಚಿ ನೋಡಿ,” ಎಂದೆ.

“ಕೆಂಪು ನೀರಿನ ಪರೀಕ್ಷೆ ನಾನೇ ಮಾಡಿದೀನಿ,” ಎಂದರು ಮೇಡಂ. “ಗೆರೆ ಇರಲಿಲ್ಲ. ಹುಳಿ ಹಚ್ಚಬೇಕು ಅಂತ ನಿಯಮದಲ್ಲಿಲ್ಲ. ಒಂದು ಚೀಟಿ ನೋಡಿ ಬಂಡಿ ನಿಲ್ಲಿಸೋಕೆ ಬರಲ್ಲಮ್ಮಾ.” ಅವರು ಗಡಿಯಾರ ನೋಡಿಕೊಂಡರು. ಬಂಡಿ ನಡೆಸುವವನು ಸನ್ನೆಯ ಹಿಡಿಕೆಗೆ ಕೈಯಿಟ್ಟ.

ಆಗ ನಾನು ಮಾಡಿದ್ದು ಜಾಣತನವೋ ಹುಚ್ಚೋ ಇಂದಿಗೂ ನಿರ್ಧರಿಸಲಾಗಿಲ್ಲ. ನೇರವಾಗಿ ಹೋಗಿ ಆರನೆಯ ತೊಟ್ಟಿಲಲ್ಲಿ ಕುಳಿತೆ. ಎರಡನೆಯದರ ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ಕೂಗಿದೆ.

“ಅಕ್ಕಾ, ಇಲ್ಲಿ ಬಾರೇ! ಇದು ಪೂರಾ ಖಾಲಿ.”

“ಬಂದೆ ಕಣೇ! ಇಲ್ಲಿ ಇವರ ದಪ್ಪ ಗುಮಾಸ್ತ ಕಾಲು ಚಾಚಿಕೊಂಡು ಕೂತಿದಾನೆ, ಉಸಿರಾಡೋಕೂ ಚೀಟಿ ತಗೋಬೇಕು,” ಎನ್ನುತ್ತ ಅಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು ಬಂದಳು, ಬಂದವಳೇ ಧೊಪ್ಪೆಂದು ನನ್ನ ಪಕ್ಕ ಕುಳಿತಳು. ತೊಟ್ಟಿಲು ಒಮ್ಮೆ ತೂಗಿತು. ಮೇಲೆಲ್ಲೋ ‘ಕಿಣ್’ ಎಂದು ಸಣ್ಣಗೆ ಸದ್ದಾಯಿತು.

“ಅದು ಬೇಡ,” ಎಂದರು ಭಾವ. “ಅದು ಅಜ್ಜನ ಜಾಗ.”

“ಅಜ್ಜ ಎಲ್ಲಿ ಬಂದಿದಾನೆ? ಜಾಗ ಕಾಯ್ದಿರಿಸೋಕೆ ಇದೇನು ಮದುವೆ ಊಟವಾ?” ಎಂದಳು ಅಕ್ಕ.

“ಇಳಿ ಅಂದ್ರೆ ಇಳಿ.”

“ಯಾಕೆ?”

ಭಾವನ ತುಟಿಯ ಮೇಲೆ ಬೆವರು ಹೊಳೆಯುತ್ತಿತ್ತು. ಅವರು ಮೇಡಂ ಕಡೆ ನೋಡಿದರು, ಕಂಬಿಯಾಚೆಯ ಜನರ ಕಡೆ ನೋಡಿದರು, ಗೂಟದ ಕಡೆ ಮಾತ್ರ ನೋಡಲಿಲ್ಲ. ಗಂಟೆ ಬಾರಿಸಿತು. ಹನ್ನೆರಡು ಬಾಗಿಲುಗಳೂ ಒಟ್ಟಿಗೆ ಮುಚ್ಚಿದವು. ಭಾವ ನಿಜ ಬಾಯಿಬಿಡದಿದ್ದರೆ ಅಕ್ಕನ ಕೈ ಹಿಡಿದು ಹಾರಿಬಿಡುವುದೆಂದು ಅಂದುಕೊಂಡಿದ್ದೆ. ಬಾಗಿಲು ತಳ್ಳಿದೆ. ಅದು ಹೊರಗಿನಿಂದ ಮಾತ್ರ ತೆರೆಯುವ ಬಾಗಿಲು. ನನಗೆ ಗೊತ್ತಿರಲಿಲ್ಲ.

ಮುಂದಿನ ತೊಟ್ಟಿಲುಗಳು ಅಲುಗಿದವು. ಒಂದನೆಯದು ಕಟ್ಟೆಯ ಅಂಚಿನತ್ತ ಸರಿಯಿತು. ಕೆಳಗೆ, ಬಹಳ ಕೆಳಗೆ, ನೀರು.

“ಅಕ್ಕಾ,” ಎಂದೆ. ಬಾಗಿಲನ್ನು ಮತ್ತೆ ತಳ್ಳಿದೆ.

“ನಿಲ್ಸೋ!” ಅದು ಮನುಷ್ಯನ ಕೂಗಿನಂತಿರಲಿಲ್ಲ. ಭಾವ ಓಡಿಬಂದು ನಮ್ಮ ಬಾಗಿಲಿಗೆ ಎರಡೂ ಕೈಯಲ್ಲಿ ಜೋತುಬಿದ್ದರು. “ನಿಲ್ಸು, ನಿಲ್ಸು, ನನ್ನ ಹೆಂಡತಿ ಇದಾಳೆ ಒಳಗೆ!”

ಬಂಡಿ ನಿಂತಿತು. ಮೇಡಂ ನಿಧಾನವಾಗಿ ನಡೆದುಬಂದು, ಬಾಗಿಲು ತೆರೆದು, ನಾವಿಬ್ಬರೂ ಇಳಿಯುವವರೆಗೆ ಕಾದು, ನನ್ನ ಕಡೆ ಕೈ ಚಾಚಿದರು. “ಆ ಸೀಸೆ ಕೊಡಿ.”

ಏಣಿ ಹಾಕಿದರು. ಹುಳಿಗೆ ನೊರೆ ಎದ್ದಿತು, ಹೊಳಪು ಬೂದಿಯ ಬಣ್ಣಕ್ಕೆ ತಿರುಗಿತು. ತೊಳೆದು ಕೆಂಪು ಹಚ್ಚಿ ಹತ್ತು ನಿಮಿಷ ಕಾದರು. ಒರೆಸಿ ಬಿಳಿ ಪುಡಿ ಹಾಕಿದಾಗ ಮೊದಲು ಏನೂ ಕಾಣಲಿಲ್ಲ. ಆಮೇಲೆ ಗೂಟದ ಭುಜದ ಸುತ್ತ ಕೂದಲೆಳೆಯಂಥ ಕೆಂಪು ಒಸರಿತು; ಒಸರುತ್ತ ಒಸರುತ್ತ ಗೂಟದ ಮುಕ್ಕಾಲು ಸುತ್ತಿಗೆ ಹಬ್ಬಿತು.

“ಇಷ್ಟು ಇರಲಿಲ್ಲ,” ಎಂದರು ಭಾವ ಮೆಲ್ಲಗೆ. “ನಾನು ಮುಚ್ಚಿದಾಗ ಉಗುರಿನಷ್ಟಿತ್ತು.”

ಮೊನ್ನೆ ಭಾರದ ಪರೀಕ್ಷೆಗೆಂದು ಮರಳಿನ ಮೂಟೆ ತುಂಬಿ ಎರಡು ಸುತ್ತು ಹಾಯಿಸಿದ್ದರಂತೆ. ಎರಡೇ ಸುತ್ತು.

ಅಕ್ಕ ಗಂಡನ ಎದುರಿಗೆ ಬಂದು ನಿಂತಳು. “ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ನೀವು ಹೆಂಡತಿ ಕೂತಮೇಲೆ ಮುಟ್ಟಿ ನೋಡ್ಕೊಂಡ್ರಿ,” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ನಿನಗೆ ಗೊತ್ತಿತ್ತಾ? ಗೊತ್ತಿದ್ದೇ ನನ್ನ ಕರೆದ್ಯಾ?”

ಆ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಅಕ್ಕನೂ ನನ್ನೊಡನೆ ಇನ್ನೂ ಮಾತಾಡಿಲ್ಲ.

ಉಳಿದ ಹನ್ನೊಂದು ಗೂಟಗಳಿಗೂ ಹುಳಿ ಹಚ್ಚಿದರು, ಅವು ಶುದ್ಧವಾಗಿದ್ದವು. ಭಾವನನ್ನೂ, ಫೋನಿನ ಆಚೆ ತುದಿಯಲ್ಲಿದ್ದ ಸಾಹೇಬರನ್ನೂ ಕೆಲಸದಿಂದ ಇಳಿಸಿ ವಿಚಾರಣೆಗೆ ಕರೆದಿದ್ದಾರೆ. ನನ್ನ ಚೀಟಿಯ ಮೂಲಪ್ರತಿ ಈಗ ಅವರ ಕಡತದಲ್ಲಿದೆ. ನಕಲನ್ನು ಹಿರಿಯರು ಬೇರೆ ಸೆಳೆಖಾನೆಯಲ್ಲಿ ಇಟ್ಟಿದ್ದಾರೆ: ‘ಎರಡನೆಯ ಸಾಕ್ಷಿ ಬಾರದವು’. ಅರ್ಥವನ್ನು ನಾನು ತಿದ್ದಿ ಬರೆದೆ: ‘ಲೋಹದ ಬಿರುಕು ಕಾಣದಂತೆ ಅದರ ಬಾಯನ್ನು ಒತ್ತಿ ತೀಡಿ ಮುಚ್ಚುವುದು.’

“ಎರಡನೇ ಸಾಕ್ಷಿ ಬಾರದೆ ಹೋದರೇ ಚೆನ್ನ,” ಎಂದರು ಹಿರಿಯರು. ನಿಘಂಟುಕಾರರ ಬಾಯಿಂದ ಅಂಥ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಇವತ್ತಿನ ಟಪಾಲಿನಲ್ಲಿ ಅದು ಬಂತು. ನಾನು ಬರೆದ ಆರು ಕಾಗದಗಳಲ್ಲಿ ಒಂದಕ್ಕೆ ಉತ್ತರ. ಬರೆದವರು ದೂರದ ಊರಿನ ನಿವೃತ್ತ ಉಪಾಧ್ಯಾಯರು, ನಮ್ಮ ಹವ್ಯಾಸಿಗಳಲ್ಲೇ ಅಚ್ಚುಕಟ್ಟಾದವರು. ದುಂಡನೆಯ ಅಕ್ಷರ. ಒಂದು ತಪ್ಪಿಲ್ಲ.

‘ಪದ: ಮುಚ್ಚೊಪ್ಪ. ಅರ್ಥ: ಲೋಹಕ್ಕೆ ಕೊಡುವ ಕೊನೆಯ ಮೆರುಗು. ವಾಕ್ಯ: “ಹೆರಿಗೆ ಆಸ್ಪತ್ರೆ ಲಿಫ್ಟು ಹೊರೋ ಅಚ್ಚಿಗೂ ಮುಚ್ಚೊಪ್ಪ ಹೊಡೆದು ಕಳಿಸಿದ್ವಿ, ಈಗ ಹೊಸದರ ಹಾಗೇ ಇದೆ.” ಹೇಳಿದವರು: ಸಾಣೆಯಂಗಡಿಯ ಯಜಮಾನರು, ಗೆಳೆಯರೊಡನೆ ಹರಟುತ್ತ. ತಮ್ಮ ಪದ ಸಿಕ್ಕಿತೆಂದು ಬಹಳ ಸಂತೋಷವಾಯಿತು.’

ದಿನಾಂಕ ಒಂಬತ್ತು ದಿನದ ಹಿಂದಿನದು. ಕೆಳಗೆ, ಅಂಚಿನಲ್ಲಿ, ಅವರ ಫೋನ್ ನಂಬರು.

ನಂಬರು ತಿರುಗಿಸಿದೆ. ಆಚೆ ಕಡೆ ಗಂಟೆ ಬಾರಿಸುತ್ತಿದೆ. ಹಿರಿಯರು ಎದ್ದುಬಂದು ನನ್ನ ಕುರ್ಚಿಯ ಹಿಂದೆ ನಿಂತಿದ್ದಾರೆ. ಹನ್ನೆರಡು ಸಲ ಬಾರಿಸಿ ನಿಂತಿತು.

ಮತ್ತೆ ತಿರುಗಿಸುತ್ತಿದ್ದೇನೆ.